ಕೆಂಪು ದಾರದ ಸೌಟು

ನಮ್ಮ ಅಡುಗೆಮನೆಯಲ್ಲಿ ನನ್ನ ಸೌಟಿಗೆ ಕೆಂಪು ದಾರ ಕಟ್ಟಿತ್ತು. ನನ್ನ ಬಾಣಲೆಯ ಹಿಡಿಗೆ, ಹಾಲಿನ ಪಾತ್ರೆಯ ಕಿವಿಗೆ, ಒಂದು ಚಾಕುವಿಗೆ ಕೂಡ. ದಾರ ಜಿಡ್ಡು ಹಿಡಿದು ಕಪ್ಪಾದರೆ ಅಮ್ಮ ಅದನ್ನು ಕತ್ತರಿಸಿ ಹೊಸದು ಸುತ್ತುತ್ತಿದ್ದಳು. ಚೀಟಿ ಬರೆದು ಅಂಟಿಸಬಹುದಿತ್ತು. ಆದರೆ ಆ ಅಡುಗೆಮನೆಯಲ್ಲಿ ಅರ್ಧ ರಾಜ್ಯ ಅಜ್ಜಿಯದು, ಅಜ್ಜಿಗೆ ಓದು ಬರುತ್ತಿರಲಿಲ್ಲ. ಕೆಂಪು ದಾರ ಇರುವ ಯಾವುದೂ ಕಡಲೆಕಾಯಿ, ಎಳ್ಳು, ಮೊಟ್ಟೆ ಈ ಮೂರರ ಹತ್ತಿರ ಸುಳಿಯಬಾರದು. ಈ ಮೂರರಲ್ಲಿ ಯಾವುದರ ಚೂರು ಬಾಯಿಗೆ ಹೋದರೂ ನನ್ನ ತುಟಿ ಊದಿ ಉಸಿರು ಕಟ್ಟುತ್ತಿತ್ತು. ಬೇರೆಯವರ ಮನೆಯಲ್ಲಿ ಈ ಕಾನೂನು ನಡೆಸುವುದು ಸುಲಭವಿದ್ದೀತು. ನಮ್ಮದು ಯಲಹಂಕದ ಪಕ್ಕದ ಕೋಗಿಲು ಊರಿನ ಹಳೇ ಒಕ್ಕಲು ಮನೆ. ಹೊಲದ ಬಹುಪಾಲು ಸೈಟುಗಳಾಗಿ ಹೋಗಿದ್ದರೂ ಉಳಿದ ತುಂಡಿನಲ್ಲಿ ಅಜ್ಜಿ ಹಟ ಹಿಡಿದು ಕಡಲೆಕಾಯಿ ಹಾಕಿಸುತ್ತಿದ್ದಳು. ಮೂಟೆಗಳು ನಡುಮನೆಯ ಗೋಡೆಗೆ ಒರಗಿ, ಊಟಕ್ಕೆ ಬಂದು ಹೋಗಲು ಮರೆತ ನೆಂಟರ ಹಾಗೆ ಕೂತಿರುತ್ತಿದ್ದವು. ಸಂಜೆ ಟೀವಿ ಮುಂದೆ ಯಾರು ಕೂತರೂ ಅವರ ಬೆರಳಲ್ಲಿ ಸಿಪ್ಪೆ ಒಡೆಯುವ ಸದ್ದು. ಚಟ್ನಿಗೆ ಅದೇ ಬೀಜ, ಒಗ್ಗರಣೆಗೆ ಅದೇ ಎಣ್ಣೆ. ನನ್ನ ಮೂರನೇ ವಯಸ್ಸಿನಲ್ಲಿ ಆ ಮೂಟೆಗಳೆಲ್ಲ ಅಪ್ಪನ ಸಿಮೆಂಟ್ ಇಟ್ಟಿಗೆಯ ಶೆಡ್ಡಿಗೆ ಹೋದವು. ಗೋಡೆಯ ಮೇಲೆ ಅವು ಒರಗಿದ್ದ ಕಡೆ ಕಂದು ಕಲೆ ಮಾತ್ರ ಉಳಿಯಿತು. ಅಜ್ಜಿ ಬಹಳ ದಿನ ಆ ಕಲೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು.

ನನ್ನ ಮೈಯ ವಿಷಯವನ್ನು ಬರೆಯುವುದು ನನಗೆ ಈಗಲೂ ಕಷ್ಟ. ಮೊಣಕೈ ಮಡಿಕೆ, ಮೊಣಕಾಲ ಹಿಂದೆ, ಕತ್ತು: ಈ ಜಾಗಗಳಲ್ಲಿ ಚರ್ಮ ಒಡೆದು ರಸ ಸೋರುತ್ತಿತ್ತು, ಒಣಗಿ ಗಟ್ಟಿಯಾಗುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಅಪ್ಪನ ಹಳೇ ಬನಿಯನ್ನುಗಳನ್ನು ಅಮ್ಮ ನನ್ನ ಯೂನಿಫಾರ್ಮಿನ ಒಳಗೆ ಅಸ್ತರಿಯಾಗಿ ಹೊಲಿದಿದ್ದಳು, ಹೊಲಿಗೆ ಮೈಗೆ ತಾಗದ ಹಾಗೆ ತಿರುವಿ. ಮಲಗುವಾಗ ಕೆರೆದುಕೊಳ್ಳದಿರಲಿ ಎಂದು ಕೈಗೆ ಕಾಲುಚೀಲ. ಬೆಳಿಗ್ಗೆ ಹಾಸಿಗೆಯ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿದ್ದರೆ ಅಜ್ಜಿ ನೋಡುವ ಮೊದಲೇ ಅಮ್ಮ ಹೊದಿಕೆಯನ್ನು ತಣ್ಣೀರಿಗೆ ಹಾಕಿರುತ್ತಿದ್ದಳು. ಅಮ್ಮ ಚಿಕ್ಕಬಾಣಾವರದವಳು, ಬಿ.ಎಸ್ಸಿ. ಓದಿದವಳು, ಮಾತು ಕಡಿಮೆ. ನಮ್ಮ ಬೀದಿಯಲ್ಲಿ ಮಾತು ಕಡಿಮೆ ಎಂದರೆ ಜಂಬ ಎಂದು ಅರ್ಥ.

ಅಜ್ಜಿಗೆ ಊರಿನಲ್ಲಿ ಒಂದು ಹೆಸರಿತ್ತು. ಅವಳು ಕೂಸುಗಳಿಗೆ ನೀರು ಎರೆಯುವವಳು. ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲ ಮೂರು ತಿಂಗಳು ಅಜ್ಜಿ ಹೋಗಬೇಕು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮಂಡಿಗೆ ಏರಿಸಿ, ಎರಡೂ ಕಾಲು ಚಾಚಿ ಜೋಡಿಸಿ, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಳ್ಳುತ್ತಿದ್ದಳು. ಎಣ್ಣೆ ಹಚ್ಚಿ, ತಿಕ್ಕಿ, ಮೂಗು ನೀವಿ, ಹಂಡೆಯ ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಿಡಿದು ತಾಯಿಯ ಕೈಗೆ ಕೊಟ್ಟರೆ, ಅಷ್ಟು ಹೊತ್ತು ಕಿರುಚಿದ ಕೂಸು ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ದುಡ್ಡು ಮುಟ್ಟುತ್ತಿರಲಿಲ್ಲ; ಎಲೆ ಅಡಿಕೆ, ಒಂದು ರವಿಕೆ ಕಣ, ಅಷ್ಟೆ. ಬೀದಿಯಲ್ಲಿ ನಡೆಯುವಾಗ ಬೈಕ್ ಮೇಲೆ ಹೋಗುವ ಗಡ್ಡದ ಹುಡುಗರನ್ನು ತೋರಿಸಿ, ಇವನು ನನ್ನ ಕಾಲ ಮೇಲೆ ಉಚ್ಚೆ ಹೊಯ್ದವನು, ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ಆ ಹುಡುಗರು ಗಾಡಿ ಜೋರು ಮಾಡುತ್ತಿದ್ದರು.

ಹೀಗಿರುವಾಗ ಸ್ವಂತ ಮೊಮ್ಮಗಳಿಗೆ ಎಷ್ಟು ಅಕ್ಕರೆಯಿಂದ ಎರೆದಿರಬೇಡ. ನಮ್ಮ ಹೊಲದ್ದೇ ಕಡಲೆಕಾಯಿ, ಯಲಹಂಕದ ಗಾಣದಲ್ಲಿ ಎದುರು ನಿಂತು ಆಡಿಸಿದ ಎಣ್ಣೆ. ಎರಡು ತಿಂಗಳಿಗೆ ನನ್ನ ಕೆನ್ನೆ, ಕೈ ಮಡಿಕೆ ಕೆಂಪಾಗಿ ಬಿರಿದವಂತೆ. ಒಣಗಿದ ನೆಲಕ್ಕೆ ನೀರು, ಒಣಗಿದ ಮೈಗೆ ಎಣ್ಣೆ. ಅಜ್ಜಿ ಎರಡು ಪಾಲು ಹಚ್ಚಿದಳು. ಮೈ ಇನ್ನಷ್ಟು ಬಿರಿದಾಗ ಮೂರು ಪಾಲು.

ಮೂರನೇ ವಯಸ್ಸಿನಲ್ಲಿ ಅಪ್ಪ ಯಲಹಂಕದಿಂದ ಕಡಲೆಮಿಠಾಯಿ ತಂದು, ಅಲ್ಲಿಯವರೆಗೆ ಬೀಜ ತಿಂದೇ ಇರದ ನನ್ನ ಬಾಯಿಗೆ ಒಂದು ಚೂರು ಇಟ್ಟ. ನನ್ನ ಮುಖ ನೋಡುನೋಡುತ್ತಿದ್ದಂತೆ ಊದಿತು. ಮುಂದಿನದನ್ನು ನಮ್ಮ ಮನೆಯಲ್ಲಿ ಎಷ್ಟೋ ಸಲ ಆಡಿ ತೋರಿಸಿದ್ದಾರೆ. ಅಪ್ಪ ಬೈಕ್ ಒದೆಯುತ್ತಿದ್ದಾನೆ, ಅಮ್ಮ ನನ್ನನ್ನು ಎತ್ತಿಕೊಂಡು ಹಿಂದೆ ಹತ್ತಿದ್ದಾಳೆ, ಅಜ್ಜಿ ಉಪ್ಪು ಮೆಣಸಿನಕಾಯಿ ಹಿಡಿದು ಗೇಟಿಗೆ ಅಡ್ಡ ನಿಂತಿದ್ದಾಳೆ.

"ಯಾರ್ದೋ ಕಣ್ ಬಿದ್ದದೆ ಕಣ್ಲಾ, ಒಸಿ ತಡಿ, ನೀವಾಳಿಸ್ತೀನಿ!"

"ಅವ್ವಾ, ಕಣ್ಣು ಆಮೇಲೆ ತೆಗಿ, ಮೊದ್ಲು ಗೇಟ್ ತೆಗಿ!"

ಕತೆಯಾಗಿ ಹೇಳುವಾಗ ಎಲ್ಲರೂ ನಗುತ್ತಾರೆ. ಅಮ್ಮ ನಗುವುದಿಲ್ಲ, ಆ ದಾರಿಯುದ್ದಕ್ಕೂ ನನ್ನ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸಿದವಳು ಅವಳು. ಆಸ್ಪತ್ರೆಯಿಂದ ಬಂದ ಮೇಲೆಯೇ ಕೆಂಪು ದಾರ ಬಂದದ್ದು, ಮೂಟೆಗಳು ಹೋದದ್ದು, ನನ್ನ ಎಣ್ಣೆಸ್ನಾನ ನಿಂತದ್ದು. ಪಾತ್ರೆಗಳ ವಿಷಯದಲ್ಲಿ ಅಜ್ಜಿ ಗೊಣಗುತ್ತಲೇ ಒಪ್ಪಿದಳು. ಎಣ್ಣೆಯ ವಿಷಯದಲ್ಲಿ ಒಪ್ಪಲಿಲ್ಲ. ತಿನ್ನುವುದು ಬೇರೆ, ಹಚ್ಚುವುದು ಬೇರೆ ಎಂಬುದು ಅವಳ ವಾದ. ನಾನು ಐದು ವರ್ಷದವಳಿದ್ದಾಗ ಅಮ್ಮ ತವರಿನ ಮದುವೆಗೆಂದು ಚಿಕ್ಕಬಾಣಾವರಕ್ಕೆ ಹೋದಳು. ಅಜ್ಜಿ ನನ್ನನ್ನು ಬಚ್ಚಲಿಗೆ ಕರೆದಳು. ಎಣ್ಣೆಯ ಬಟ್ಟಲನ್ನು ಸೆರಗಿನ ಕೆಳಗೆ ಬಚ್ಚಿಟ್ಟು ತಂದಿದ್ದಳು.

"ಬಾ ಕೂಸೇ. ಎಂಗ್ ಒಣಗೋಗಿದೀಯ ನೋಡು, ಕಟ್ಟಿಗೆ ಇದ್ದಂಗೆ. ನಿಮ್ಮಮ್ಮಂಗೆ ಯೋಳ್ಬ್ಯಾಡ, ಆಯ್ತಾ?"

ಅವಳ ಅಂಗೈ ಬೆಚ್ಚಗಿತ್ತು. ತುರಿಕೆಯಿರುವ ಮೈಯನ್ನು ಅಷ್ಟು ಹಿತವಾಗಿ ಬೇರೆ ಯಾರೂ ಮುಟ್ಟಿದ್ದಿಲ್ಲ. ನಾನು ಹೂಂ ಎಂದೆ. ಮಧ್ಯಾಹ್ನದ ಹೊತ್ತಿಗೆ ಮೈತುಂಬ ಚೇಳು ಕಡಿದಂಥ ದದ್ದು. ಸಂಜೆ ಬಂದ ಅಮ್ಮ ನನ್ನನ್ನು ನೋಡಿದಳು, ಬಚ್ಚಲಿನ ವಾಸನೆ ಹಿಡಿದಳು, ನನಗೆ ಸಿರಪ್ ಕುಡಿಸಿದಳು. ಕೂಗಾಡಲಿಲ್ಲ. ಮಾರನೇ ಬೆಳಿಗ್ಗೆ ಬಚ್ಚಲ ಬಾಗಿಲಿನ ಚಿಲಕಕ್ಕೆ ಕೆಂಪು ದಾರ ಸುತ್ತಿತ್ತು. ನನ್ನ ಸ್ನಾನದ ಹೊತ್ತಿಗೆ ಅಜ್ಜಿ ಒಳಗೆ ಬರುವಂತಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅಜ್ಜಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದು, ಆಮೇಲೆ ಅಪ್ಪನಿಗೆ ಹೇಳಿದಳು.

"ನೋಡ್ದೇನ್ಲಾ? ನನ್ನೂ ಕಡ್ಲೆಕಾಯ್ ಮಾಡ್ಬುಟ್ಲು ನಿನ್ನೆಂಡ್ತಿ."

ಅಪ್ಪ ಇಟ್ಟಿಗೆ ಲೋಡು ಬಂದಿದೆ ಎಂದು ಹೊರಟುಹೋದ. ನಮ್ಮ ಮನೆಯ ಜಗಳಗಳಿಗೂ ಇಟ್ಟಿಗೆ ಲೋಡಿಗೂ ಯಾವಾಗಲೂ ಒಂದೇ ಮುಹೂರ್ತ.

ಅದಾಗಿ ಎರಡು ವರ್ಷಕ್ಕೆ ಅಮ್ಮ ನನ್ನನ್ನು ಸಹಕಾರನಗರದ ಒಬ್ಬ ಡಾಕ್ಟರಲ್ಲಿಗೆ ಕರೆದೊಯ್ದಳು. ವಯಸ್ಸಾದ ಹೆಂಗಸು. ನನ್ನ ಮಡಿಕೆಗಳನ್ನು ಬೆರಳ ಹಿಂಭಾಗದಿಂದ ಮುಟ್ಟಿ ನೋಡಿದರು. ನಾನು ಮೇಜಿನ ಪಕ್ಕ ನೆಲದ ಮೇಲೆ ಕೂತು ಮರದ ರೈಲೊಂದನ್ನು ಓಡಿಸುತ್ತಿದ್ದೆ.

"ಕೂಸಾಗಿದ್ದಾಗ ಮೈಗೆ ಏನು ಹಚ್ತಿದ್ರಿ?"

"ಕಡಲೆಕಾಯಿ ಎಣ್ಣೆ ಮೇಡಂ. ನಮ್ಮನೇದೇ. ದಿನಾ."

ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಚರ್ಮ ಒಡೆದಿರೋ ಮಕ್ಕಳಿಗೆ ಆ ಪದಾರ್ಥ ಹೊಟ್ಟೆಗಿಂತ ಮೊದ್ಲು ಚರ್ಮದಿಂದಲೇ ಒಳಗೆ ಹೋಗತ್ತೆ. ಆಗ ಮೈ ಅದನ್ನ ಶತ್ರು ಅಂತ ಗುರುತು ಇಟ್ಕೊಂಡುಬಿಡಬಹುದು. ಇವಳಿಗೆ ಹಾಗೇ ಆಯ್ತು ಅಂತ ನಾನು ಹೇಳಲ್ಲಮ್ಮ. ಎಣ್ಣೆ ಮುಟ್ಟದೇ ಇರೋ ಮಕ್ಕಳಿಗೂ ಬರತ್ತೆ. ಆಗ ಇದು ಯಾರಿಗೂ ಗೊತ್ತಿರ್ಲಿಲ್ಲ. ಯಾರದ್ದೂ ತಪ್ಪಲ್ಲ."

ಅಮ್ಮ ಮುಲಾಮಿನ ಚೀಟಿ ಮಡಚಿ ಪರ್ಸಿನಲ್ಲಿಟ್ಟಳು. ಬರುವಾಗ ಕೊಡಿಗೇಹಳ್ಳಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಸ್ಕೂಟರ್ ನಿಲ್ಲಿಸಿ, ಹಿಂದೆ ತಿರುಗದೆಯೇ ಮಾತಾಡಿದಳು.

"ಡಾಕ್ಟರ್ ಹೇಳಿದ್ದು ಕೇಳಿಸ್ತಾ?"

"ಹೂಂ."

"ಅಜ್ಜಿಗೆ ಹೇಳ್ಬಾರ್ದು."

"ಯಾಕೆ?"

"ಊರಲ್ಲಿ ಎಷ್ಟು ಮಕ್ಕಳಿಗೆ ಎರೆದಿದಾರೆ ಅವ್ರು. ಇದು ಗೊತ್ತಾದ್ರೆ ಆ ಕೈನ ಏನ್ ಮಾಡ್ಕೋತಾರೆ ಹೇಳು?"

"ಅವ್ರು ನಿನ್ನ ಬೈತಾರಲ್ಲ."

"ಬೈಲಿ ಬಿಡು. ಬೈದ್ರೆ ನಂಗೇನು ದದ್ದು ಬರುತ್ತಾ?"

ಗೂಡ್ಸ್ ರೈಲು ಹಾದುಹೋಗಿ ಗೇಟು ತೆರೆಯಿತು. ಹೀಗೆ ಏಳನೇ ವಯಸ್ಸಿಗೆ ನನ್ನ ಬಳಿ ಎರಡು ಗುಟ್ಟುಗಳಾದವು. ಒಂದು ಅಮ್ಮನಿಗೆ ಹೇಳಬಾರದೆಂದು ಅಜ್ಜಿ ಕೊಟ್ಟದ್ದು, ಒಂದೇ ದಿನ ಬಾಳಿದ್ದು. ಇನ್ನೊಂದು ಅಜ್ಜಿಗೆ ಹೇಳಬಾರದೆಂದು ಅಮ್ಮ ಕೊಟ್ಟದ್ದು. ಈ ಎರಡನೆಯದು ಭಾರವಾಗಿತ್ತು. ಏಕೆಂದರೆ ಅಜ್ಜಿ ಬೀದಿಯಲ್ಲಿ ಸುಮ್ಮನಿರಲಿಲ್ಲ. ಎಣ್ಣೆ ಬಿಡಿಸಿದ ಮೇಲೆಯೇ ಮಗುವಿನ ಮೈ ಕೆಟ್ಟಿತು, ಓದಿದ ಸೊಸೆಗೆ ಅತ್ತೆಯ ಕೈ ಮೈಲಿಗೆ ಎಂದು ಜಗುಲಿಯಿಂದ ಜಗುಲಿಗೆ ಹೇಳುತ್ತಿದ್ದಳು. ನಲ್ಲಿಯ ಹತ್ತಿರ ಅಮ್ಮ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಅಮ್ಮ ಬಿಂದಿಗೆ ತುಂಬಿಸಿಕೊಂಡು ಬರುತ್ತಿದ್ದಳು. ಪಕ್ಕದಲ್ಲಿ ನಿಂತ ನನಗೆ ಗಂಟಲಲ್ಲೇ ತುರಿಕೆ ಎದ್ದಂತಾಗುತ್ತಿತ್ತು.

ಎಂಟನೇ ವಯಸ್ಸಿನ ಸಂಕ್ರಾಂತಿ. ನಮ್ಮ ಕಡೆ ಅಂದು ಹೆಣ್ಣುಮಕ್ಕಳು ಲಂಗ ಉಟ್ಟು, ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರಲು ಹೋಗಬೇಕು. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಬೆರೆಸಿದ್ದನ್ನು ಕೊಟ್ಟು, ಅವರದ್ದನ್ನು ಪಡೆದು, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡೋಣ ಎಂದು ಹೇಳಿ ಬರಬೇಕು. ಹಿಂದಿನ ವರ್ಷಗಳಲ್ಲಿ ನಾನು ಕಿಟಕಿಯಿಂದ ನೋಡಿದವಳು. ಆ ವರ್ಷ ಅಮ್ಮ ನನಗಾಗಿ ಬೇರೆಯೇ ಮಾಡಿದಳು: ಎಳ್ಳಿನ ಬದಲು ಕುಂಬಳದ ಬೀಜ, ಕಡಲೆಬೀಜ ಇಲ್ಲವೇ ಇಲ್ಲ. ಕೆಂಪು ದಾರದ ಚಾಕುವಿನಲ್ಲಿ ಕೊಬ್ಬರಿಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಎರಡು ದಿನ ಕೂತು ಹೆಚ್ಚಿದ್ದಳು. ಬೇರೆಯವರು ಕೊಟ್ಟದ್ದನ್ನು ಹಾಕಿಸಿಕೊಳ್ಳಲು ಮುಚ್ಚಳದ ಡಬ್ಬಿ. ನಾನು ಹಸಿರು ಲಂಗ ಉಟ್ಟು, ತಟ್ಟೆ ಹಿಡಿದು ನಡುಮನೆಯಲ್ಲಿ ನಿಂತಿದ್ದೆ. ಆಗ ಎದುರುಮನೆಯ ಪಿಳ್ಳಮ್ಮ ತನ್ನ ಮನೆಯ ಎಳ್ಳು ತಂದಳು. ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೇಲಿನ ಗೂಡಿನಲ್ಲಿಟ್ಟು, ಕೈ ತೊಳೆದು ಬಂದಳು. ದಿನವೂ ಮಾಡುವಂತೆಯೇ ಮಾಡಿದ್ದಳು. ಅದು ಹಬ್ಬದ ದಿನ ಎಂಬುದು ಅವಳಿಗೆ ಹೊಳೆಯಲಿಲ್ಲ.

"ಏನವ್ವಾ," ಪಿಳ್ಳಮ್ಮ ಮುಖ ಸಣ್ಣ ಮಾಡಿದಳು, "ನಮ್ಮನೆ ಎಳ್ಳು ಮುಟ್ಟುದ್ರೂ ಕೈ ತೊಳೀಬೇಕಾ?"

ಅಮ್ಮ ಉತ್ತರ ಕೊಡುವ ಮೊದಲೇ ಅಜ್ಜಿ ಶುರುಮಾಡಿದಳು.

"ಅಂಗೇ ಕಣ್ ಪಿಳ್ಳಿ ನಮ್ಮನೇಲಿ. ನಾನ್ ಮುಟ್ಟುದ್ರೂ ತೊಳೀತಾಳೆ. ಎಳ್ಳಿಲ್ದಿರೋ ಎಳ್ಳು ಬೀರಕ್ಕೆ ಕಳಿಸ್ತಾವ್ಳೆ ಮಗೀನ, ಊರೆಲ್ಲಾ ನಗ್ಲಿ ಅಂತ. ಈ ಕೈಲಿ ಎಷ್ಟ್ ಮಕ್ಳು ಬೆಳುದ್ವು, ನೀನೇ ಯೋಳು. ಒಂದುಕ್ಕಾದ್ರೂ ಇಂಗಾಯ್ತಾ? ನನ್ ಕೈಯಿಂದ ಕಿತ್ಕೊಂಡ್ಲು, ಮಗು ಮೈ ಅಳ್ಳ ಇಡ್ದು ಓಯ್ತು. ಎತ್ತೋಳ್ಗೇ ಕರುಣೆ ಇಲ್ಲ ಅಂದ್ರೆ..."

ಅಮ್ಮ ತಲೆ ಬಗ್ಗಿಸಿ ನನ್ನ ಲಂಗದ ನೆರಿಗೆ ಸರಿಮಾಡುತ್ತಿದ್ದಳು. ಅವಳ ಬೆರಳುಗಳ ತುದಿಯಲ್ಲಿ ಕೊಬ್ಬರಿ ಹೆಚ್ಚಿದ ಗಾಯಗಳಿದ್ದವು. ನಾನು ಅವನ್ನು ನೋಡಿದೆ.

"ಅಮ್ಮ ಅಲ್ಲ ಅಜ್ಜಿ. ನೀನು. ನೀನ್ ಹಚ್ಚಿದ ಎಣ್ಣೆಯಿಂದ್ಲೇ ನಂಗೆ ಇದೆಲ್ಲಾ ಬಂದಿದ್ದು. ಡಾಕ್ಟರ್ ಹೇಳಿದಾರೆ."

ಡಾಕ್ಟರ್ ಹೇಳಿದ್ದು ಒಂದು ಅನುಮಾನ. ನಾನು ಹೇಳಿದ್ದು ತೀರ್ಪು. ಮಧ್ಯದಲ್ಲಿದ್ದುದನ್ನೆಲ್ಲ, ಗೊತ್ತಿಲ್ಲ ಎಂದದ್ದನ್ನು, ಯಾರ ತಪ್ಪೂ ಅಲ್ಲ ಎಂದದ್ದನ್ನು, ನಾನು ತಿಳಿದೇ ಬಿಟ್ಟಿದ್ದೆ. ಎಂಟು ವರ್ಷದವಳಿಗೆ ಅದು ತಿಳಿಯದೆ ಆದದ್ದು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಪಿಳ್ಳಮ್ಮ, "ಮಗು ಏನೋ ಅಂತದೆ, ಬಿಡಕ್ಕಾ," ಎಂದು ಮೆಲ್ಲಗೆ ಎದ್ದುಹೋದಳು. ಅಜ್ಜಿ ಅಮ್ಮನ ಮುಖ ನೋಡಿದಳು. ಅಮ್ಮ ಅಲ್ಲಗಳೆಯಲಿಲ್ಲ. ಆಮೇಲೆ ಅಜ್ಜಿ ತನ್ನ ಎರಡೂ ಅಂಗೈಗಳನ್ನು ಮೇಲೆ ಮಾಡಿ, ಬೇರೆ ಯಾರೋ ಅಲ್ಲಿ ಮರೆತುಹೋದ ವಸ್ತುಗಳ ಹಾಗೆ ನೋಡಿದಳು. ನಾನು ಆ ವರ್ಷವೂ ಎಳ್ಳು ಬೀರಲು ಹೋಗಲಿಲ್ಲ.

ಅಮ್ಮ ನನ್ನನ್ನು ಬೈಯಲಿಲ್ಲ. ಎಂದಿನಂತೆ ಮುಲಾಮು ಹಚ್ಚಿದಳು, ಕಾಲುಚೀಲ ತೊಡಿಸಿದಳು, ನನ್ನ ಕಣ್ಣು ಮಾತ್ರ ನೋಡಲಿಲ್ಲ. ಅದೇ ವಾರ ಹಿಂದಿನ ಬೀದಿಯಿಂದ ಒಬ್ಬರು ಬಂದರು. ಮಗಳಿಗೆ ಹೆರಿಗೆಯಾಗಿದೆ, ಎರೆಯಲು ಬರಬೇಕು ಎಂದು. ಅಜ್ಜಿ ಒಳಗಿಂದಲೇ, "ಕೈ ನೋಯ್ತದವ್ವ, ಬೇರೆ ಯಾರ್ನಾದ್ರೂ ನೋಡ್ಕೊಳ್ಳಿ," ಎಂದಳು. ನನಗೆ ನೆನಪಿದ್ದಂತೆ ಅಜ್ಜಿ ಯಾರಿಗಾದರೂ ಇಲ್ಲ ಎಂದದ್ದು ಅದೇ ಮೊದಲು. ಆ ಮಧ್ಯಾಹ್ನ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳು ಕೂತಿದ್ದಳು. ಅಮ್ಮ ಹೋಗಿ ಪಕ್ಕದಲ್ಲಿ ಕೂತಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

"ಡಾಕ್ಟರು ಇರಬಹುದು ಅಂದ್ರು ಅತ್ತೆ. ಅದೇ ಅಂತ ಅನ್ಲಿಲ್ಲ."

"ನಿಂಗ್ ಯಾವಾಗಿಂದ ಗೊತ್ತು?"

"ಒಂದ್ ವರ್ಷ ಆಯ್ತು."

"ಮತ್ಯಾಕ್ ಬಾಯ್ ಬಿಡ್ಲಿಲ್ಲ?"

"ಬಿಟ್ಟು ಏನ್ ಮಾಡ್ಲಿ? ಎಣ್ಣೆ ವಾಪಸ್ ಬರುತ್ತಾ?"

"ನಾನು ಊರೆಲ್ಲಾ ನಿನ್ನ ಬೈಕಂಡ್ ಬಂದ್ನಲ್ಲೇ."

"ಬೈದ್ರಿ. ಅದಕ್ಕೇನೀಗ."

ಅಜ್ಜಿ ಮೂಗು ಸೆರಗಿನಿಂದ ಒರೆಸಿಕೊಂಡಳು.

"ಥೂ, ನಿನ್ ಬಾಯ್ಗೆ ಯಾವ್ ಕಂಪ್ನಿ ಬೀಗ ಆಕಿದ್ರೇ ನಿಮ್ಮಪ್ಪ!"

ಅಮ್ಮ ನಕ್ಕದ್ದು ನನಗೆ ಬೆನ್ನ ಅಲುಗಾಟದಿಂದ ಗೊತ್ತಾಯಿತು. ಅಜ್ಜಿ ಅವಳ ಬೆರಳುಗಳನ್ನು ಹಿಡಿದು, ಕೊಬ್ಬರಿ ಹೆಚ್ಚಿದ ಗಾಯಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು.

ಆ ಶನಿವಾರ ನಾನು ಸ್ನಾನಕ್ಕೆ ಹೋದಾಗ ಬಚ್ಚಲ ಚಿಲಕದಲ್ಲಿ ದಾರ ಇರಲಿಲ್ಲ. ಒಳಗೆ ಅಜ್ಜಿ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ದಾರ ಅವಳ ಬಲಗೈಯ ಮಣಿಕಟ್ಟಿನಲ್ಲಿತ್ತು, ಎರಡು ಸುತ್ತು ಸುತ್ತಿ ಗಂಟು ಹಾಕಿ. ಅಮ್ಮ ಕಟ್ಟಿದಳೋ ಅವಳೇ ಕಟ್ಟಿಕೊಂಡಳೋ ನಾನು ಕೇಳಲಿಲ್ಲ. ಮೊಣಕೈವರೆಗೆ ಸೋಪು ಹಚ್ಚಿ ಮೂರು ಸಲ ತೊಳೆದಳು, ಪ್ರತಿ ಸಲವೂ ನನ್ನ ಮೂಗಿನ ಹತ್ತಿರ ಹಿಡಿದು, ವಾಸನೆ ನೋಡು ಎಂದಳು.

"ಈ ಕೈ ಇನ್ ನಿಂದು. ಇದ್ರಲ್ಲಿ ಇನ್ ಕಡ್ಲೆಕಾಯ್ ಮುಟ್ಟಕಿಲ್ಲ. ಬಾ, ಮನೀಕೋ."

ಎಂಟು ವರ್ಷದವಳು ಆ ಕಾಲುಗಳ ಮೇಲೆ ಹಿಡಿಸುವುದು ಹೇಗೆ. ನನ್ನ ಕಾಲು ಬಚ್ಚಲ ಗೋಡೆಗೆ ತಾಗಿತು, ತಲೆ ಅವಳ ತೊಡೆಯ ಮೇಲೆ ಬಂತು. ಬಿಸಿಯಲ್ಲದ, ತಣ್ಣಗೂ ಅಲ್ಲದ ನೀರು ಎರೆದಳು. ಡಾಕ್ಟರ್ ಕೊಟ್ಟ ಬಿಳಿ ಮುಲಾಮನ್ನು, ಸುಣ್ಣ ಇದ್ದಂಗದೆ ಎಂದು ಗೊಣಗುತ್ತ, ಮಡಿಕೆ ಮಡಿಕೆಗೂ ಹಚ್ಚಿದಳು. ಅಂಗೈ ಬೆಚ್ಚಗೇ ಇತ್ತು. ನಾನು ಕ್ಷಮಿಸು ಎನ್ನಬೇಕೆಂದಿದ್ದೆ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಯಾರಿಗೂ ಹೇಳಿದ್ದು ಕೇಳಿರಲಿಲ್ಲವಾದ್ದರಿಂದ ಹೇಗೆ ಶುರುಮಾಡುವುದೆಂದು ತಿಳಿಯಲಿಲ್ಲ. ಉಣ್ಣುವ ಕೈ ಅದೇ ಆದ್ದರಿಂದ ಅಜ್ಜಿ ಅಂದಿನಿಂದ ಕಡಲೆಕಾಯಿ ತಿನ್ನುವುದನ್ನೇ ಬಿಟ್ಟಳು. ಉಳಿದ ತುಂಡು ಹೊಲಕ್ಕೆ ಮುಂದಿನ ಮಳೆಗಾಲದಲ್ಲಿ ರಾಗಿ ಹಾಕಿಸಿದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಪಿಳ್ಳಮ್ಮನ ಸೊಸೆಗೆ ಹೆರಿಗೆಯಾಯಿತು. ಪಿಳ್ಳಮ್ಮ ಬಂದು ಅಜ್ಜಿಯ ಮುಂದೆ ಕೂತು, ನೀನು ಬರದಿದ್ದರೆ ಕೂಸಿಗೆ ನೀರೇ ಹಾಕಿಸುವುದಿಲ್ಲ ಎಂದು ಹಟ ಹಿಡಿದಳು. ಅಜ್ಜಿ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಎಣ್ಣೆ ಬಟ್ಟಲು ಮುಂದಿಟ್ಟಾಗ ಅದನ್ನು ಪಕ್ಕಕ್ಕೆ ಸರಿಸಿ, ಮೊದಲು ಕೂಸಿನ ಮೊಣಕೈ ಬಿಡಿಸಿ ನೋಡಿದಳು, ಮೊಣಕಾಲ ಹಿಂದೆ ನೋಡಿದಳು, ಕತ್ತು ನೋಡಿದಳು.

"ಇಲ್ಲಿ ಒಸಿ ಕೆಂಪಗದೆ. ಎಣ್ಣೆ ಬ್ಯಾಡ. ಡಾಕುಟ್ರಿಗೆ ತೋರ್ಸಿ, ಅವ್ರು ಯೋಳಿದ್ದು ಅಚ್ಚಿ."

"ಅಯ್ಯೋ, ಎಣ್ಣೆ ಇಲ್ದೆ ಎಂಗಕ್ಕಾ? ನೀನೇ ಅಲ್ವಾ ಎಲ್ರಿಗೂ..."

"ಅದುಕ್ಕೇ ಯೋಳ್ತಿರೋದು ಕೇಳು. ನನ್ ಮೊಮ್ಮಗಳ ಮೈ ಕೆಡ್ಸಿದ್ದು ಇದೇ ಕೈಯಿ."

ಅಲ್ಲಿ ಐದಾರು ಹೆಂಗಸರಿದ್ದರು, ನಲ್ಲಿಯ ಹತ್ತಿರ ಮಾತು ನಿಲ್ಲಿಸುತ್ತಿದ್ದವರೇ. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು. ಅಜ್ಜಿ ಮಾತ್ರ ಎಣ್ಣೆಯಿಲ್ಲದೆಯೇ ಆ ಕೂಸಿಗೆ ನೀರೆರೆದು, ಮೂಗು ನೀವಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಅದು ಮಲಗಿತು.

ಈಗ ನಾನು ಮಾಡುವ ಕೆಲಸದಲ್ಲಿ ಪ್ರತಿ ವರದಿಯ ಕೊನೆಗೆ ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎಂದು ಬೇರೆಬೇರೆಯಾಗಿ ಬರೆಯಬೇಕು. ಜೊತೆಯವರಿಗೆ ಅದು ಬೇಸರದ ಕೆಲಸ. ನಾನು ಅದನ್ನು ಮೊದಲ ಸಲ ಮಾಡಲು ನೋಡಿದ್ದು ಪಿಳ್ಳಮ್ಮನ ಮನೆಯಿಂದ ನಮ್ಮ ಮನೆಗೆ ಬರುವ ಹತ್ತು ಹೆಜ್ಜೆಯ ದಾರಿಯಲ್ಲಿ.

"ಅಜ್ಜಿ, ಅವತ್ತು ನಾನು ಪೂರ್ತಿ ಹೇಳ್ಲಿಲ್ಲ. ಡಾಕ್ಟರ್ ಇರಬಹುದು ಅಂದಿದ್ರು ಅಷ್ಟೆ. ಇಲ್ದೇನೂ ಇರಬಹುದಂತೆ. ಯಾರಿಗೂ ಸರಿಯಾಗಿ ಗೊತ್ತಿಲ್ವಂತೆ."

ಅಜ್ಜಿ ನಡೆಯುತ್ತಲೇ ಒದ್ದೆ ದಾರದ ಕೈಯನ್ನು ನನ್ನ ತಲೆಯ ಮೇಲಿಟ್ಟಳು.

"ಗೊತ್ತಿಲ್ದೆ ಇರೋದು ನನ್ ತಲೆ ಮ್ಯಾಗೇ ಇರ್ಲಿ ಬಿಡು ಕೂಸೇ. ನಿನ್ ತಲೆ ಇನ್ನಾ ಚಿಕ್ದು."